ನೋಡಿದ ಪುಟಗಳಿಗೆ ಮರಳುವ ದಾರಿ: ಬ್ರೌಸಿಂಗ್ ಹಿಸ್ಟರಿಗೆ ಯಾವ ಬಗೆಯ ಸಾಧನ ಕಟ್ಟಿಕೊಳ್ಳಬೇಕು?

ತಮ್ಮ ಬ್ರೌಸಿಂಗ್ ಹಿಸ್ಟರಿಯನ್ನು ಮತ್ತೆ ತಿರುವಿ ನೋಡಲು ಒಂದು ಸಾಧನ ಬೇಕು, ಸ್ವಂತಕ್ಕೆ ಕಟ್ಟಿಕೊಳ್ಳಲೂ ಸಿದ್ಧ, ಆದರೆ ಎಲ್ಲಿಂದ ಶುರು ಮಾಡುವುದು ಗೊತ್ತಾಗುತ್ತಿಲ್ಲ ಎನ್ನುವವರು ಆಗಾಗ ಸಿಗುತ್ತಾರೆ. ಬ್ರೌಸರ್‌ನಲ್ಲೇ ಇರುವ ಹಿಸ್ಟರಿ ಪುಟವನ್ನು ನೆಚ್ಚಿಕೊಳ್ಳಬಹುದು. ಬ್ರೌಸರ್ ಡಿಸ್ಕ್‌ನಲ್ಲಿ ಬರೆದಿಡುವ ಫೈಲನ್ನು ಸಣ್ಣ ಸ್ಕ್ರಿಪ್ಟ್‌ನಿಂದ ಓದಬಹುದು. ಬ್ರೌಸರ್‌ಗೆ ಸೇರಿಸಿಕೊಳ್ಳುವ ಚಿಕ್ಕ ಪ್ರೋಗ್ರಾಮ್, ಅಂದರೆ ಎಕ್ಸ್‌ಟೆನ್ಶನ್ ಬರೆಯಬಹುದು. ಓದಿದ ಪುಟಗಳನ್ನೇ ಪೂರ್ತಿಯಾಗಿ ಉಳಿಸಿಕೊಳ್ಳಬಹುದು. ಪರದೆಯ ಮೇಲೆ ಕಂಡದ್ದನ್ನೆಲ್ಲ ಚಿತ್ರವಾಗಿ ಹಿಡಿದಿಡಬಹುದು. ಇಷ್ಟು ದಾರಿಗಳ ನಡುವೆ ನಿಂತವರಿಗೆ ಮೊದಲು ನಾನು ಕೇಳುವುದು ಒಂದೇ: ನಿಮಗೆ ಕಳೆದುಹೋದ ಪುಟ ಸಿಗಬೇಕೋ, ಅಥವಾ ನೀವು ಏನನ್ನು ಓದುತ್ತಾ ಬಂದಿರಿ ಎಂದು ಕೂತು ಯೋಚಿಸಬೇಕೋ?

ಇವೆರಡೂ ಒಂದೇ ಕೆಲಸದಂತೆ ಕಾಣುತ್ತವೆ. ನಾನೂ ಹಾಗೇ ನಂಬಿದ್ದೆ. ನಾನು ಮೊದಲು ಕಟ್ಟಿದ ಸಾಧನ ಎಲ್ಲವನ್ನೂ ದಾಖಲಿಸುತ್ತಿತ್ತು: ಪ್ರತಿ ಪುಟ, ಪ್ರತಿ ನಿಮಿಷ, ಯಾವ ತಾಣದಲ್ಲಿ ಎಷ್ಟು ಹೊತ್ತು ಎಂಬ ಬಣ್ಣಬಣ್ಣದ ನಕ್ಷೆ. ಎರಡು ವಾರ ದಿನವೂ ತೆರೆದು ನೋಡಿದೆ, ಆಮೇಲೆ ಒಮ್ಮೆಯೂ ತೆರೆಯಲಿಲ್ಲ. ಹುಡುಕಲು ಹೋದರೆ ರಾಶಿ ಅಡ್ಡ ಬರುತ್ತಿತ್ತು. ಯೋಚಿಸಲು ಹೋದರೆ ನಕ್ಷೆ ನನಗೆ ಅಂಕ ಕೊಡುತ್ತಿತ್ತೇ ಹೊರತು ಏನನ್ನೂ ನೆನಪಿಸುತ್ತಿರಲಿಲ್ಲ. ಎರಡನೆಯ ಸಲ ಕಟ್ಟಿದ್ದು ಬಹಳ ಚಿಕ್ಕದು. ಅದನ್ನು ಇಂದಿಗೂ ಬಳಸುತ್ತಿದ್ದೇನೆ. ಮುಂದಿನ ಹೋಲಿಕೆಯಲ್ಲಿ ಆ ಅನುಭವದ ಒಲವು ಇದ್ದೇ ಇರುತ್ತದೆ, ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಯಾವುದನ್ನು ಇಟ್ಟು ಅಳೆಯುವುದು

ಮೊದಲ ಅಳತೆ ಈಗಾಗಲೇ ಹೇಳಿದ್ದು: ಹುಡುಕಾಟವೋ, ಅವಲೋಕನವೋ. ಹುಡುಕಾಟಕ್ಕೆ ಬೇಕಾದದ್ದು ವಿಸ್ತಾರ. ಯಾವ ಪುಟ ಯಾವಾಗ ಬೇಕಾಗುತ್ತದೆ ಎಂದು ಮುಂಚೆ ಗೊತ್ತಿರುವುದಿಲ್ಲ, ಹಾಗಾಗಿ ಎಲ್ಲವೂ ಇರಬೇಕು, ಬೇಗ ಸಿಗಬೇಕು. ಅವಲೋಕನಕ್ಕೆ ಬೇಕಾದದ್ದು ಆಯ್ಕೆ. ಒಂದು ವಾರದ ಏಳೆಂಟು ನೂರು ಪುಟಗಳಲ್ಲಿ ಕಣ್ಣು ನಿಲ್ಲಬೇಕಾದ ಹತ್ತನ್ನು ಮುಂದಿಡಬೇಕು. 1997ರಲ್ಲಿ ಲಿಂಡಾ ಟೌಶರ್ ಮತ್ತು ಸಾಲ್ ಗ್ರೀನ್‌ಬರ್ಗ್ ಪ್ರಕಟಿಸಿದ ಅಧ್ಯಯನದಲ್ಲಿ ಪುಟಭೇಟಿಗಳಲ್ಲಿ ಸುಮಾರು 58 ಪ್ರತಿಶತ ಈ ಮೊದಲೇ ನೋಡಿದ ಪುಟಗಳಿಗೆ ಮರಳಿದ ಭೇಟಿಗಳಾಗಿದ್ದವು. ಅಂದರೆ ನಾವು ಹೊಸದಕ್ಕಿಂತ ಹೆಚ್ಚಾಗಿ ಹಳೆಯದಕ್ಕೇ ಹೋಗುತ್ತೇವೆ. ಆ ಮರಳುವಿಕೆಯಲ್ಲಿ ದಿನನಿತ್ಯದ ಮೇಲ್, ಸುದ್ದಿ, ಕಚೇರಿ ಕೆಲಸದ ಪುಟಗಳೂ ಇರುತ್ತವೆ. ಅವನ್ನು ಬದಿಗೆ ಸರಿಸದೆ ಅವಲೋಕನ ಸಾಧ್ಯವೇ ಇಲ್ಲ.

ಎರಡನೆಯದು, ದಾಖಲೆಯ ಆಳ. ಬರೀ ವಿಳಾಸ ಮತ್ತು ಶೀರ್ಷಿಕೆ ಸಾಕೇ, ಪುಟದ ಪಠ್ಯ ಬೇಕೇ, ಪುಟದ ರೂಪವೇ ಬೇಕೇ? ಪ್ಯೂ ಸಂಶೋಧನಾ ಕೇಂದ್ರ 2024ರಲ್ಲಿ ವರದಿ ಮಾಡಿದಂತೆ, 2013ರಲ್ಲಿ ಇದ್ದ ಪುಟಗಳಲ್ಲಿ 38 ಪ್ರತಿಶತ ಹತ್ತು ವರ್ಷದ ಬಳಿಕ ಸಿಗುತ್ತಿರಲಿಲ್ಲ. ಬರೀ ವಿಳಾಸ ಇಟ್ಟುಕೊಂಡವರ ಕೈಯಲ್ಲಿ ಒಂದು ದಿನ ಬೀಗದ ಕೈ ಇರುತ್ತದೆ, ಮನೆ ಇರುವುದಿಲ್ಲ.

ಆಳಕ್ಕೆ ಬೆಲೆಯೂ ಇದೆ, ಲೆಕ್ಕ ಹಾಕಿ ನೋಡಿ. ದಿನಕ್ಕೆ ನೂರು ಪುಟ ನೋಡುತ್ತೀರಿ, ಒಂದೊಂದು ಪುಟದ ಪಠ್ಯ ಹತ್ತು ಕಿಲೋಬೈಟ್ ಎಂದುಕೊಳ್ಳೋಣ. ದಿನಕ್ಕೆ ಒಂದು ಮೆಗಾಬೈಟ್, ವರ್ಷಕ್ಕೆ 365 ಮೆಗಾಬೈಟ್. ಹಳೆಯ ಪೆನ್‌ಡ್ರೈವ್‌ನಲ್ಲೂ ಹಿಡಿಸುತ್ತದೆ. ಅದೇ ನೂರು ಪುಟಗಳನ್ನು ಚಿತ್ರಗಳ ಸಮೇತ ತಲಾ ಮೂರು ಮೆಗಾಬೈಟ್‌ನಂತೆ ಉಳಿಸಿದರೆ ವರ್ಷಕ್ಕೆ ಸುಮಾರು 110 ಗಿಗಾಬೈಟ್. ಪಠ್ಯ ಉಳಿಸುವುದು ಹೆಚ್ಚುಕಡಿಮೆ ಪುಕ್ಕಟೆ, ರೂಪ ಉಳಿಸುವುದು ದುಬಾರಿ. ಎಲ್ಲ ಆಯ್ಕೆಗಳಿಗೂ ಈ ಅಂತರ ಅನ್ವಯಿಸುತ್ತದೆ.

ಮೂರನೆಯದು, ಆ ದಾಖಲೆ ಎಲ್ಲಿರುತ್ತದೆ, ಯಾರು ಓದಬಲ್ಲರು ಎಂಬುದು. 2006ರ ಆಗಸ್ಟ್‌ನಲ್ಲಿ ಅಮೆರಿಕದ ಇಂಟರ್ನೆಟ್ ಕಂಪನಿ ಎಒಎಲ್ ಸುಮಾರು ಆರೂವರೆ ಲಕ್ಷ ಬಳಕೆದಾರರ ಹುಡುಕಾಟಗಳನ್ನು ಸಂಶೋಧನೆಗೆಂದು ಬಿಡುಗಡೆ ಮಾಡಿತು. ಹೆಸರುಗಳ ಜಾಗದಲ್ಲಿ ಬರೀ ಸಂಖ್ಯೆಗಳಿದ್ದವು. ಕೆಲವೇ ದಿನಗಳಲ್ಲಿ ಪತ್ರಕರ್ತರು ಹುಡುಕಾಟಗಳನ್ನೇ ಓದಿ ಒಬ್ಬ ವ್ಯಕ್ತಿಯ ಮನೆಬಾಗಿಲಿಗೆ ಹೋಗಿ ನಿಂತರು. ಹೆಸರು ಅಳಿಸಿದರೆ ಸಾಕು ಎಂಬ ಸಮಾಧಾನ ಈ ಬಗೆಯ ದಾಖಲೆಗೆ ಸಲ್ಲುವುದಿಲ್ಲ. ನಮ್ಮ ಹುಡುಕಾಟಗಳು ಸೇರಿದಾಗ ಅವೇ ನಮ್ಮ ಹೆಸರಾಗುತ್ತವೆ.

ಉಳಿದ ಅಳತೆಗಳು ಚಿಕ್ಕವು, ಆದರೂ ಬಿಡುವಂತಿಲ್ಲ. ಫೋನಿನಲ್ಲಿ ನೋಡಿದ್ದು ಸೇರುತ್ತದೆಯೇ? ಬೇಡದ್ದನ್ನು ನಿಜವಾಗಿ ಅಳಿಸಬಹುದೇ? ಕಟ್ಟಲು ಎಷ್ಟು ದಿನ, ಕಟ್ಟಿದ ಮೇಲೆ ಸಾಕಲು ಎಷ್ಟು ಶ್ರಮ?

ಬ್ರೌಸರ್‌ನಲ್ಲಿ ಇರುವುದಷ್ಟನ್ನೇ ನೆಚ್ಚಿಕೊಂಡರೆ

ಶ್ರಮ ಸೊನ್ನೆ. ಆದರೆ ಕ್ರೋಮ್ ಹಿಸ್ಟರಿ ಸಾಮಾನ್ಯವಾಗಿ 90 ದಿನಗಳಷ್ಟೇ ಉಳಿಯುತ್ತದೆ, ನಂತರದ್ದು ತಾನಾಗಿ ಅಳಿಯುತ್ತದೆ. ಇದು ಗೊತ್ತಿಲ್ಲದೆ 'ಹೋದ ವರ್ಷ ನೋಡಿದ್ದೆ' ಎಂದು ಹುಡುಕುತ್ತಾ ಕೂರುವವರು ಬಹಳ ಮಂದಿ. ಫೈರ್‌ಫಾಕ್ಸ್ ದಿನಗಳನ್ನು ಎಣಿಸದೆ ಪುಟಗಳ ಸಂಖ್ಯೆಗೆ ಮಿತಿ ಇಡುತ್ತದೆ, ಹಾಗಾಗಿ ಅದರಲ್ಲಿ ಹಲವು ವರ್ಷಗಳ ಹಿಸ್ಟರಿ ಉಳಿದಿರುವುದು ಉಂಟು. ಮ್ಯಾಕ್‌ನ ಸಫಾರಿಯಲ್ಲಿ ಎಷ್ಟು ಕಾಲ ಇಡಬೇಕೆಂದು ಸೆಟ್ಟಿಂಗ್‌ನಲ್ಲಿ ಆರಿಸಬಹುದು; ಒಂದು ವರ್ಷ ಅಥವಾ ನೀವಾಗಿ ಅಳಿಸುವವರೆಗೆ ಎಂಬ ಆಯ್ಕೆಗಳೂ ಅಲ್ಲಿವೆ.

ಹಿಸ್ಟರಿ ಪುಟದಲ್ಲಿ ಹುಡುಕುವುದು ಸಾಮಾನ್ಯವಾಗಿ ಶೀರ್ಷಿಕೆ ಮತ್ತು ವಿಳಾಸಗಳಲ್ಲಿ ಮಾತ್ರ. ಪುಟದೊಳಗಿನ ಒಂದು ಸಾಲು ನೆನಪಿದ್ದು ಶೀರ್ಷಿಕೆ ಮರೆತಿದ್ದರೆ ಕೈಚೆಲ್ಲಬೇಕು. ಕ್ರೋಮ್ 2022ರಲ್ಲಿ 'ಜರ್ನೀಸ್' ಎಂಬ ಹೆಸರಲ್ಲಿ ಒಂದೇ ವಿಷಯದ ಭೇಟಿಗಳನ್ನು ಗುಂಪು ಮಾಡಿ ತೋರಿಸಲು ಶುರು ಮಾಡಿತು. ಆ ಯೋಚನೆ ಸರಿಯಾದದ್ದೇ. ಆದರೆ 90 ದಿನದ ಗೋಡೆಯೊಳಗೆ ಅದು ಅವಲೋಕನ ಆಗುವುದಿಲ್ಲ, ನಿನ್ನೆಯ ಕೆಲಸ ಮುಂದುವರಿಸಲು ಒಂದು ಅನುಕೂಲವಷ್ಟೇ.

ಒಂದೆರಡು ವಾರದೊಳಗಿನ ಪುಟಗಳಷ್ಟೇ ನಿಮಗೆ ಬೇಕಾಗುತ್ತಿದ್ದರೆ ಇಲ್ಲಿಗೇ ನಿಲ್ಲಿಸಬಹುದು. ಇದಕ್ಕಿಂತ ಹೆಚ್ಚಿನದನ್ನು ಕಟ್ಟಿದರೆ ಸಾಕುವ ಕೆಲಸ ಮೈಮೇಲೆ ಬೀಳುತ್ತದೆ.

ಖಾತೆಗೆ ಲಾಗಿನ್ ಆಗಿದ್ದರೆ ಗೂಗಲ್‌ನ 'ಮೈ ಆಕ್ಟಿವಿಟಿ'ಯಲ್ಲೂ ಒಂದು ದಾಖಲೆ ಇರುತ್ತದೆ. 3, 18 ಅಥವಾ 36 ತಿಂಗಳಿಗೆ ತಾನಾಗಿ ಅಳಿಯುವಂತೆ ಅದನ್ನು ಹೊಂದಿಸಬಹುದು, 'ಟೇಕ್‌ಔಟ್' ಮೂಲಕ ಇಳಿಸಿಕೊಳ್ಳಲೂಬಹುದು. ಹಳೆಯ ವರ್ಷಗಳನ್ನು ಒಮ್ಮೆ ತುಂಬಿಕೊಳ್ಳಲು ಇದು ಒಳ್ಳೆಯ ಮೂಲ. ನಿತ್ಯದ ಸಾಧನವಾಗಿ ಇದನ್ನು ಸೂಚಿಸಲಾರೆ, ಏಕೆಂದರೆ ಮೂರನೆಯ ಅಳತೆಯಲ್ಲಿ ಇದು ನಿಲ್ಲುವುದಿಲ್ಲ: ಇದು ಬೇರೆಯವರ ಮನೆಯಲ್ಲಿ ಇಟ್ಟ ಡೈರಿ.

ಹಿಸ್ಟರಿ ಫೈಲನ್ನೇ ಓದುವ ಸ್ಕ್ರಿಪ್ಟ್

ನನಗೆ ಅತಿ ಇಷ್ಟವಾದ ದಾರಿ ಇದು, ಆದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಕ್ರೋಮ್, ಫೈರ್‌ಫಾಕ್ಸ್, ಸಫಾರಿ ಮೂರೂ ಹಿಸ್ಟರಿಯನ್ನು ಎಸ್‌ಕ್ಯುಎಲೈಟ್ ಎಂಬ ಬಗೆಯ, ಫೈಲ್ ರೂಪದ ಡೇಟಾಬೇಸ್ ಆಗಿ ನಿಮ್ಮ ಡಿಸ್ಕ್‌ನಲ್ಲೇ ಇಡುತ್ತವೆ. ಕ್ರೋಮ್‌ನ 'ವರ್ಶನ್' ಪುಟದಲ್ಲಿ ಪ್ರೊಫೈಲ್ ಫೋಲ್ಡರ್ ಎಲ್ಲಿದೆ ಎಂಬ ಸಾಲು ಕಾಣುತ್ತದೆ. ಅದರೊಳಗೆ 'ಹಿಸ್ಟರಿ' ಎಂಬ ಹೆಸರಿನ ಫೈಲ್ ಇರುತ್ತದೆ. ಫೈರ್‌ಫಾಕ್ಸ್‌ನಲ್ಲಿ ಅದರ ಹೆಸರು 'ಪ್ಲೇಸಸ್'. ಬ್ರೌಸರ್ ತೆರೆದಿರುವಾಗ ಫೈಲ್‌ಗೆ ಬೀಗ ಬಿದ್ದಿರುತ್ತದೆ, ಹಾಗಾಗಿ ನಕಲು ಮಾಡಿ ನಕಲನ್ನೇ ಓದಬೇಕು. ಫೈರ್‌ಫಾಕ್ಸ್‌ನಲ್ಲಿ ಪಕ್ಕದಲ್ಲೇ 'ವಾಲ್' (wal) ಎಂದು ಕೊನೆಯಾಗುವ ಇನ್ನೊಂದು ಫೈಲ್ ಇರುತ್ತದೆ. ಅದನ್ನೂ ಜೊತೆಗೆ ನಕಲು ಮಾಡದಿದ್ದರೆ ಇತ್ತೀಚಿನ ಭೇಟಿಗಳು ತಪ್ಪಿಹೋಗಬಹುದು. ಮ್ಯಾಕ್‌ನಲ್ಲಿ ಸಫಾರಿಯ ಫೈಲ್ ಓದಲು ನಿಮ್ಮ ಪ್ರೋಗ್ರಾಮ್‌ಗೆ 'ಫುಲ್ ಡಿಸ್ಕ್ ಆಕ್ಸೆಸ್' ಅನುಮತಿ ಕೊಡಬೇಕು.

ಮೊದಲ ಸಲ ಬರೆಯುವವರು ಎಡವುವುದು ಸಮಯದ ಲೆಕ್ಕದಲ್ಲಿ. ಕ್ರೋಮ್ ಸಮಯವನ್ನು 1601ರ ಜನವರಿ 1ರಿಂದ ಕಳೆದ ಮೈಕ್ರೋಸೆಕೆಂಡ್‌ಗಳಲ್ಲಿ ಬರೆಯುತ್ತದೆ, ಫೈರ್‌ಫಾಕ್ಸ್ 1970ರಿಂದ ಎಣಿಸುತ್ತದೆ. ಸಫಾರಿಯದು 2001ರಿಂದ, ಅದೂ ಸೆಕೆಂಡ್‌ಗಳಲ್ಲಿ. ಕ್ರೋಮ್‌ನ ಅಂಕೆಯನ್ನು ಹತ್ತು ಲಕ್ಷದಿಂದ ಭಾಗಿಸಿ 11644473600 ಕಳೆದರೆ ಎಲ್ಲ ಪ್ರೋಗ್ರಾಮಿಂಗ್ ಭಾಷೆಗಳಿಗೂ ಅರ್ಥವಾಗುವ 1970ರ ಲೆಕ್ಕಕ್ಕೆ ಬರುತ್ತದೆ. ಮೂರೂ ಬ್ರೌಸರ್‌ಗಳ ದಾಖಲೆ ಸೇರಿಸುವಾಗ ಇದನ್ನು ಮರೆತರೆ ನಿಮ್ಮ ನಿನ್ನೆಯ ಓದು ಬೇರೊಂದು ಶತಮಾನಕ್ಕೆ ಹೋಗಿ ಕೂರುತ್ತದೆ.

ಈ ಫೈಲಿನಲ್ಲಿರುವ ಅಮೂಲ್ಯ ವಸ್ತು ಸಮಯವೂ ಅಲ್ಲ, ಶೀರ್ಷಿಕೆಯೂ ಅಲ್ಲ. ಕ್ರೋಮ್ ಮತ್ತು ಫೈರ್‌ಫಾಕ್ಸ್‌ನಲ್ಲಿ ಪ್ರತಿ ಭೇಟಿಯ ಜೊತೆಗೆ 'ಯಾವ ಭೇಟಿಯಿಂದ ಇಲ್ಲಿಗೆ ಬಂದದ್ದು' ಎಂಬ ಕಾಲಂ ಇರುತ್ತದೆ. ವಿಳಾಸ ಟೈಪ್ ಮಾಡಿ ಬಂದದ್ದೋ, ಕೊಂಡಿ ಒತ್ತಿ ಬಂದದ್ದೋ ಎಂಬುದೂ ದಾಖಲಾಗಿರುತ್ತದೆ. ಇವನ್ನು ಹಿಡಿದು ಹೆಣೆದರೆ ಪಟ್ಟಿಯ ಬದಲು ದಾರಿ ಕಾಣಿಸುತ್ತದೆ: ಒಂದು ಹುಡುಕಾಟದಿಂದ ಹೊರಟು ಎಲ್ಲೆಲ್ಲಿ ತಿರುಗಿ ಕೊನೆಗೆ ಎಲ್ಲಿ ನಿಂತಿರಿ ಎಂಬುದು. ಅಮೆರಿಕದ ಎಂಜಿನಿಯರ್ ವ್ಯಾನೆವರ್ ಬುಷ್ 1945ರಲ್ಲೇ ಮೆಮೆಕ್ಸ್ ಎಂಬ ಕಾಲ್ಪನಿಕ ಯಂತ್ರವನ್ನು ವಿವರಿಸುವಾಗ ಒತ್ತಿ ಹೇಳಿದ್ದು ಇಂಥ ದಾರಿಗಳನ್ನೇ: ಓದಿದ ಸಂಗತಿಗಳನ್ನು ಒಂದಕ್ಕೊಂದು ಕಟ್ಟಿ, ಆ ಕಟ್ಟನ್ನು ಉಳಿಸಿಕೊಂಡು, ವರ್ಷಗಳ ನಂತರ ಮತ್ತೆ ಅದೇ ದಾರಿಯಲ್ಲಿ ನಡೆಯುವುದು. ದಾರಿಯ ಕಚ್ಚಾ ದಾಖಲೆ ಇಂದು ನಮ್ಮಲ್ಲಿ ಬಹಳ ಮಂದಿಯ ಡಿಸ್ಕ್‌ನಲ್ಲಿ ಬಿದ್ದಿದೆ, ಅದನ್ನು ತೋರಿಸುವ ಪರದೆ ಮಾತ್ರ ಬ್ರೌಸರ್‌ಗಳಲ್ಲಿ ಇಲ್ಲ.

ಕೊರತೆಗಳೂ ಇವೆ. ಪುಟದ ಪಠ್ಯ ಇಲ್ಲ. ಹೊಸ ಟ್ಯಾಬ್‌ಗಳಲ್ಲಿ ತೆರೆದಾಗ ದಾರಿಯ ಎಳೆ ಕೆಲವೊಮ್ಮೆ ಕಡಿದಿರುತ್ತದೆ. ಕ್ರೋಮ್ ಬರೆಯುವ 'ಭೇಟಿಯ ಅವಧಿ'ಯನ್ನು ಓದಿದ ಅವಧಿ ಎಂದು ನಂಬಬೇಡಿ: ಪುಟ ತೆರೆದಿಟ್ಟು ಬೇರೆ ಕೆಲಸಕ್ಕೆ ಎದ್ದುಹೋದರೂ ಗಡಿಯಾರ ಓಡುತ್ತಿರಬಹುದು. ನನ್ನ ಮೊದಲ ಸಾಧನದ ಬಣ್ಣದ ನಕ್ಷೆಗಳು ಸುಳ್ಳು ಹೇಳಿದ್ದು ಇಲ್ಲಿಯೇ.

ಆದರೂ ಪ್ರೋಗ್ರಾಮಿಂಗ್ ಅಲ್ಪಸ್ವಲ್ಪ ಬಲ್ಲವರಿಗೆ ಒಂದು ವಾರಾಂತ್ಯದ ಕೆಲಸ ಇದು. ಹಣ ಖರ್ಚಿಲ್ಲ, ಸಫಾರಿ ಬಿಟ್ಟರೆ ಹೊಸ ಅನುಮತಿ ಯಾರಿಗೂ ಕೊಡಬೇಕಿಲ್ಲ, ಬ್ರೌಸರ್ ನಿಧಾನವಾಗುವುದಿಲ್ಲ. ದಿನಕ್ಕೊಮ್ಮೆ ನಕಲು ಮಾಡಿ ನಿಮ್ಮದೇ ಡೇಟಾಬೇಸ್‌ಗೆ ಸೇರಿಸುತ್ತಾ ಹೋದರೆ 90 ದಿನದ ಗೋಡೆಯೂ ಉರುಳುತ್ತದೆ.

ಎಕ್ಸ್‌ಟೆನ್ಶನ್

ಪುಟದ ಪಠ್ಯವೂ ಬೇಕು, ಓದುತ್ತಿರುವಾಗಲೇ 'ಇದನ್ನು ಗುರುತಿಟ್ಟುಕೋ' ಎಂದು ಒತ್ತುವ ಗುಂಡಿಯೂ ಬೇಕು ಎನ್ನುವವರಿಗೆ ಎಕ್ಸ್‌ಟೆನ್ಶನ್ ಸರಿ. ನೀವು ಯಾವ ಟ್ಯಾಬ್‌ನಲ್ಲಿ ನಿಜವಾಗಿ ಇದ್ದಿರಿ, ಎಷ್ಟು ಕೆಳಗಿನವರೆಗೆ ಸರಿಸಿದಿರಿ ಎಂಬುದು ಅದಕ್ಕೆ ತಿಳಿಯುತ್ತದೆ. ಹಿಸ್ಟರಿ ಫೈಲ್‌ಗೆ ಇದು ತಿಳಿಯುವುದಿಲ್ಲ.

ಶ್ರಮ ಮಾತ್ರ ಅಂದಾಜಿಗಿಂತ ಹೆಚ್ಚು. ಇಂದಿನ ಬಹಳಷ್ಟು ತಾಣಗಳು ಪುಟ ಬದಲಿಸದೆ ವಿಳಾಸವನ್ನಷ್ಟೇ ಬದಲಿಸುತ್ತವೆ, ಶೀರ್ಷಿಕೆ ಮತ್ತು ಪಠ್ಯ ತುಸು ಹೊತ್ತಿನ ನಂತರ ಬರುತ್ತವೆ. ಅವಸರದಲ್ಲಿ ಹಿಡಿದರೆ ಹೊಸ ವಿಳಾಸಕ್ಕೆ ಹಳೆಯ ಶೀರ್ಷಿಕೆ ಅಂಟಿಕೊಳ್ಳುತ್ತದೆ. ಎಕ್ಸ್‌ಟೆನ್ಶನ್‌ಗಳು ಹಿಸ್ಟರಿಯನ್ನು ಕೇಳಲೆಂದು ಬ್ರೌಸರ್ ಕೊಡುವ ಎಪಿಐನಲ್ಲಿ ಕಾಲಮಿತಿ ಹೇಳದೆ ಕೇಳಿದರೆ ಹಿಂದಿನ 24 ಗಂಟೆಯ, ಹೆಚ್ಚೆಂದರೆ ನೂರು ಫಲಿತಾಂಶಗಳಷ್ಟೇ ಬರುತ್ತವೆ. ಹೊಸಬರು ಇದನ್ನು ದೋಷವೆಂದು ತಿಳಿದು ದಿನಗಟ್ಟಲೆ ತಲೆ ಕೆಡಿಸಿಕೊಂಡದ್ದನ್ನು ನೋಡಿದ್ದೇನೆ. ಬ್ರೌಸರ್‌ನ ಹೊಸ ಆವೃತ್ತಿಗಳು ನಿಯಮ ಬದಲಿಸಿದಾಗಲೆಲ್ಲ ನೀವೂ ಬದಲಿಸಿಕೊಳ್ಳಬೇಕು.

ಕಟ್ಟದೆ ಬೇರೆಯವರು ಮಾಡಿದ್ದನ್ನು ಹಾಕಿಕೊಳ್ಳುವವರು ಅನುಮತಿಯ ಪೆಟ್ಟಿಗೆಯಲ್ಲಿ ಏನು ಬರೆದಿದೆ ಎಂದು ಓದಿ. 'ಎಲ್ಲ ತಾಣಗಳಲ್ಲಿರುವ ನಿಮ್ಮ ಮಾಹಿತಿಯನ್ನು ಓದಿ ಬದಲಿಸಬಹುದು' ಎಂಬ ಅನುಮತಿ ಈ ಕೆಲಸಕ್ಕೆ ಬೇಕೇ ಬೇಕು, ಅದನ್ನು ತಪ್ಪಿಸಲಾಗದು. ಅದರಲ್ಲಿ ಬ್ಯಾಂಕಿನ ಪುಟವೂ ಸೇರಿತು. ಮೂಲ ಕೋಡ್ ತೆರೆದಿಟ್ಟಿಲ್ಲದ, ದಾಖಲೆಯನ್ನು ತಮ್ಮ ಸರ್ವರ್‌ಗೆ ಒಯ್ಯುವ ಎಕ್ಸ್‌ಟೆನ್ಶನ್‌ಗಳನ್ನು ಎಷ್ಟೇ ಚೆಂದವಿದ್ದರೂ ನಾನು ದೂರ ಇಡುತ್ತೇನೆ.

ಪುಟವನ್ನೇ ಉಳಿಸುವುದು

ಸಿಂಗಲ್‌ಫೈಲ್ ಎಂಬ ಎಕ್ಸ್‌ಟೆನ್ಶನ್ ತೆರೆದ ಪುಟವನ್ನು ಚಿತ್ರ, ವಿನ್ಯಾಸ ಸಮೇತ ಒಂದೇ ಫೈಲ್ ಆಗಿ ಉಳಿಸುತ್ತದೆ. ಆರ್ಕೈವ್‌ಬಾಕ್ಸ್ ಎಂಬುದು ನಿಮ್ಮದೇ ಯಂತ್ರದಲ್ಲಿ ಓಡುವ ಸಂಗ್ರಹಾಲಯ. ವಿಳಾಸಗಳ ಪಟ್ಟಿ ಕೊಟ್ಟರೆ ಹಲವು ರೂಪಗಳಲ್ಲಿ ಇಳಿಸಿಕೊಳ್ಳುತ್ತದೆ. ಪುಟಗಳು ಮಾಯವಾಗುವ ಭಯಕ್ಕೆ ಇದೇ ಮದ್ದು. ಸಂಶೋಧಕರು, ಬರಹಗಾರರು, ಸಾಕ್ಷ್ಯವಾಗಿ ಪುಟ ಬೇಕಾಗುವವರು ಬೇರೆ ಯೋಚನೆ ಮಾಡಬೇಕಿಲ್ಲ.

ಆದರೆ ನೋಡಿದ್ದನ್ನೆಲ್ಲ ಉಳಿಸಲು ಹೊರಟರೆ ಮೇಲಿನ 110 ಗಿಗಾಬೈಟ್‌ನ ಲೆಕ್ಕ ನೆನಪಿರಲಿ. ಉಳಿಸಿದ ರಾಶಿಯನ್ನು ಮತ್ತೆ ನೋಡುವವರಾರು ಎಂಬ ಪ್ರಶ್ನೆಯೂ ಇದೆ. ನನ್ನ ಅನುಭವದಲ್ಲಿ ಕೈಯಿಂದ ಆರಿಸಿ ಉಳಿಸಿದ ಪುಟಗಳಿಗೆ ನಾನು ಮರಳುತ್ತೇನೆ, ತಾನಾಗಿ ಉಳಿದವುಗಳಿಗೆ ಇಲ್ಲ. ಆರಿಸುವ ಆ ಕ್ಷಣದಲ್ಲೇ ಅವಲೋಕನದ ಅರ್ಧ ಕೆಲಸ ಮುಗಿದಿರುತ್ತದೆ.

ಬೇರೆಯವರ ಸೇವೆಯಲ್ಲಿ ಉಳಿಸುವವರಿಗೆ ಒಂದು ಮಾತು. 'ಆಮೇಲೆ ಓದುತ್ತೇನೆ' ಎಂದು ಲಕ್ಷಾಂತರ ಜನ ಪುಟಗಳನ್ನು ಕೂಡಿಟ್ಟಿದ್ದ ಪಾಕೆಟ್ 2025ರ ಜುಲೈ 8ರಂದು ಬಾಗಿಲು ಮುಚ್ಚಿತು. ನಿಮ್ಮ ಸಂಗ್ರಹವನ್ನು ಸಾಮಾನ್ಯ ಫೈಲ್‌ಗಳಾಗಿ ಹೊರತೆಗೆಯಲು ಬಾರದ ಕಡೆ ವರ್ಷಗಳ ಓದನ್ನು ಸುರಿಯಬೇಡಿ.

ಪರದೆಯನ್ನೇ ಚಿತ್ರ ಹಿಡಿಯುವುದು

ಕೆಲವು ಸೆಕೆಂಡಿಗೊಮ್ಮೆ ಪರದೆಯ ಚಿತ್ರ ತೆಗೆದು, ಅದರಲ್ಲಿನ ಅಕ್ಷರಗಳನ್ನು ಗುರುತಿಸಿ, ಎಲ್ಲವನ್ನೂ ಹುಡುಕುವಂತೆ ಮಾಡುವ ವಿಧಾನ ಇದು. ಬ್ರೌಸರ್ ಅಷ್ಟೇ ಅಲ್ಲ, ಎಲ್ಲ ಆ್ಯಪ್‌ಗಳೂ ಸೇರುತ್ತವೆ. ಹುಡುಕಾಟಕ್ಕೆ ಇದರಷ್ಟು ವಿಸ್ತಾರ ಇನ್ನಾವುದಕ್ಕೂ ಇಲ್ಲ, ಒಪ್ಪಿಕೊಳ್ಳಲೇಬೇಕು.

ಮೈಕ್ರೋಸಾಫ್ಟ್ ತನ್ನ 'ರೀಕಾಲ್' ಸೌಲಭ್ಯವನ್ನು 2024ರ ಮೇನಲ್ಲಿ ಘೋಷಿಸಿದಾಗ, ಹಿಡಿದ ಪಠ್ಯ ಗೂಢಲಿಪಿಯ ರಕ್ಷಣೆಯಿಲ್ಲದ ಡೇಟಾಬೇಸ್‌ನಲ್ಲಿ ಕೂರುತ್ತದೆ ಎಂಬುದನ್ನು ಭದ್ರತಾ ಪರಿಣತರು ತೋರಿಸಿಕೊಟ್ಟರು. ಬಿಡುಗಡೆ ಮುಂದಕ್ಕೆ ಹೋಯಿತು. 2025ರ ಏಪ್ರಿಲ್‌ನಲ್ಲಿ ಬಂದಾಗ ಅದು ಬಳಕೆದಾರರೇ ಆನ್ ಮಾಡಿಕೊಳ್ಳಬೇಕಾದ ಸೌಲಭ್ಯವಾಗಿತ್ತು, ದಾಖಲೆಗೆ ಗೂಢಲಿಪಿ ಬಂದಿತ್ತು, ತೆರೆಯಲು ಮುಖ ಅಥವಾ ಬೆರಳಿನ ಗುರುತು ಬೇಕಿತ್ತು. ಸ್ವಂತಕ್ಕೆ ಕಟ್ಟಿಕೊಳ್ಳುವವರಿಗೂ ಇದರಲ್ಲಿ ಪಾಠವಿದೆ. ಅಷ್ಟು ದೊಡ್ಡ ಕಂಪನಿ ಎರಡನೆಯ ಸಲ ಸರಿಮಾಡಬೇಕಾಗಿ ಬಂದದ್ದನ್ನು ನಾವು ಮೊದಲ ಸಲವೇ ಸರಿಯಾಗಿ ಮಾಡುತ್ತೇವೆ ಎಂದುಕೊಳ್ಳಬಾರದು. ನಿಮ್ಮೊಡನೆ ಚಾಟ್ ಮಾಡಿದವರ ಮಾತು, ಅವರು ಕಳಿಸಿದ ಫೋಟೊ, ಅವರ ಒಪ್ಪಿಗೆಯಿಲ್ಲದೆ ಈ ದಾಖಲೆಗೆ ಸೇರುತ್ತದೆ. ಅವಲೋಕನಕ್ಕಾಗಿ ನಾನಿದನ್ನು ಯಾರಿಗೂ ಸೂಚಿಸುವುದಿಲ್ಲ.

ಫೋನ್ ಎಂಬ ತೂತು

ಯಾವ ದಾರಿ ಹಿಡಿದರೂ ಫೋನಿನ ವಿಷಯದಲ್ಲಿ ಕೊರತೆ ಉಳಿಯುತ್ತದೆ. ಐಫೋನ್‌ನಲ್ಲಿ ಬೇರೆ ಆ್ಯಪ್‌ಗಳು ಸಫಾರಿಯ ಹಿಸ್ಟರಿಯನ್ನು ತಾವಾಗಿ ಓದಲಾರವು. ಆಂಡ್ರಾಯ್ಡ್ ಫೋನಿನ ಕ್ರೋಮ್‌ನಲ್ಲಿ ಎಕ್ಸ್‌ಟೆನ್ಶನ್ ಹಾಕಲು ಬರುವುದಿಲ್ಲ, ಫೈರ್‌ಫಾಕ್ಸ್‌ನಲ್ಲಿ ಬರುತ್ತದೆ. ಆ್ಯಪ್‌ಗಳೊಳಗೆ ತೆರೆಯುವ ಪುಟ್ಟ ಬ್ರೌಸರ್‌ಗಳಲ್ಲಿ ಓದಿದ್ದು ಬಹುಪಾಲು ಎಲ್ಲೂ ಸಿಗುವುದಿಲ್ಲ. ಸುಲಭದ ಪರಿಹಾರ ಸಿಂಕ್: ಫೋನಿನ ಹಿಸ್ಟರಿ ಕಂಪ್ಯೂಟರಿನ ಬ್ರೌಸರ್‌ಗೆ ಬಂದರೆ ಅಲ್ಲಿಂದ ಸ್ಕ್ರಿಪ್ಟ್ ಓದಿಕೊಳ್ಳುತ್ತದೆ. ಓದೆಲ್ಲ ಫೋನಿನಲ್ಲೇ ಎನ್ನುವವರು ಸ್ವಯಂಚಾಲಿತ ದಾಖಲೆಯ ಆಸೆ ಬಿಟ್ಟು, ಇಷ್ಟವಾದ ಪುಟವನ್ನು 'ಶೇರ್' ಗುಂಡಿಯಿಂದ ಒಂದು ಟಿಪ್ಪಣಿ ಆ್ಯಪ್‌ಗೆ ಕಳಿಸುವ ಅಭ್ಯಾಸ ಮಾಡಿಕೊಂಡರೆ ಸಾಕು.

ಕನ್ನಡದಲ್ಲಿ ಓದುವವರು ಗಮನಿಸಬೇಕಾದದ್ದು

ಪಠ್ಯ ಉಳಿಸಿ ಹುಡುಕಲು ಹೊರಟವರು ಬಹುತೇಕ ಎಸ್‌ಕ್ಯುಎಲೈಟ್‌ನ ಎಫ್‌ಟಿಎಸ್5 ಎಂಬ ಪಠ್ಯ ಹುಡುಕುವ ಸೌಲಭ್ಯವನ್ನು ಬಳಸುತ್ತಾರೆ. ಅದರ ಮೂಲ ವ್ಯವಸ್ಥೆಯಲ್ಲಿ ಅಕ್ಷರ ಮತ್ತು ಅಂಕೆಗಳನ್ನಷ್ಟೇ ಪದದ ಭಾಗವೆಂದು ಎಣಿಸಲಾಗುತ್ತದೆ. ನಮ್ಮ ಕಾಗುಣಿತದ ಚಿಹ್ನೆಗಳು ಯೂನಿಕೋಡ್‌ನಲ್ಲಿ ಬೇರೆ ವರ್ಗಕ್ಕೆ ಸೇರಿದವು. ಹಾಗಾಗಿ ಪದ ನಡುವೆಯೇ ತುಂಡಾಗುತ್ತದೆ. ಚಿಹ್ನೆಗಳ ವರ್ಗಗಳನ್ನೂ ಸೇರಿಸುವಂತೆ ಸೂಚಿ (ಇಂಡೆಕ್ಸ್) ಕಟ್ಟುವಾಗಲೇ ಹೇಳಬೇಕು.

ಅದಾದ ಮೇಲೂ ವಿಭಕ್ತಿ ಪ್ರತ್ಯಯಗಳ ಸಮಸ್ಯೆ ಉಳಿಯುತ್ತದೆ. 'ಪುಸ್ತಕ' ಎಂದು ಹುಡುಕಿದರೆ 'ಪುಸ್ತಕವನ್ನು', 'ಪುಸ್ತಕದಲ್ಲಿ' ಸಿಗಬೇಕಲ್ಲ. ಪದದ ಆರಂಭದಿಂದ ಹೊಂದಿಸುವ ಹುಡುಕಾಟ ಇದಕ್ಕೆ ಸಾಕಾಗುತ್ತದೆ, ಆದರೆ ಸಮಾಸದ ಎರಡನೆಯ ಭಾಗ ಅದರ ಕೈಗೆ ಸಿಗದು. ಮೂರು ಮೂರು ಚಿಹ್ನೆಗಳ ತುಣುಕು ಮಾಡುವ ಟ್ರೈಗ್ರಾಮ್ ಸೂಚಿ ಪದದ ನಡುವಿನದನ್ನೂ ಹಿಡಿಯುತ್ತದೆ. ಅದಕ್ಕೆ ಜಾಗ ಹೆಚ್ಚು ಬೇಕು, 'ಮರ'ದಂಥ ಎರಡೇ ಚಿಹ್ನೆಯ ಪದಗಳಿಗೆ ಅದು ಕುರುಡು. ನಾನು ಎರಡನ್ನೂ ಇಟ್ಟುಕೊಂಡಿದ್ದೇನೆ. ಪಠ್ಯ ಇಷ್ಟು ಹಗುರವಾಗಿರುವಾಗ ಎರಡು ಸೂಚಿಗಳ ಭಾರ ಏನೂ ಅಲ್ಲ.

ಅವಲೋಕನದ ಪರದೆ ಹೇಗಿರಬೇಕು

ದಾಖಲೆ ಯಾವ ದಾರಿಯಿಂದ ಬಂದರೂ ಅದನ್ನು ತೋರಿಸುವ ರೀತಿಯಲ್ಲಿ ಮೂರು ಆಯ್ಕೆಗಳಿವೆ: ಅಂಕಿಅಂಶದ ನಕ್ಷೆ, 'ಹೋದ ವರ್ಷ ಇದೇ ದಿನ' ಎಂಬ ನೆನಪೋಲೆ, ವಾರಕ್ಕೊಮ್ಮೆ ಕೂತು ನೋಡುವ ಚಿಕ್ಕ ಪಟ್ಟಿ.

ನಕ್ಷೆ ಅಭ್ಯಾಸ ಬದಲಿಸಬೇಕೆಂದಿರುವವರಿಗೆ ಸ್ವಲ್ಪ ದಿನ ಕೆಲಸಕ್ಕೆ ಬರುತ್ತದೆ. ಒಂದು ತಾಣಕ್ಕೆ ದಿನಕ್ಕೆ ಅರವತ್ತು ಸಲ ಹೋಗುತ್ತಿದ್ದೇನೆ ಎಂದು ಕಣ್ಣಾರೆ ಕಂಡರೆ ಅದು ಮನಸ್ಸಿಗೆ ನಾಟುತ್ತದೆ. ಕಂಡಾದ ಮೇಲೆ ಅದೇ ನಕ್ಷೆ ದಿನವೂ ಬೈಯುವ ಮೇಷ್ಟರಾಗುತ್ತದೆ, ನಾವು ಅದರ ಮುಖ ನೋಡುವುದನ್ನೇ ಬಿಡುತ್ತೇವೆ.

ನೆನಪೋಲೆ ಹಿತವಾಗಿರುತ್ತದೆ, ಅಪಾಯವೂ ಅದರಲ್ಲೇ ಇದೆ. ಬ್ರೌಸಿಂಗ್ ಹಿಸ್ಟರಿಯಲ್ಲಿ ಪ್ರವಾಸದ ಫೋಟೊಗಳಿರುವುದಿಲ್ಲ. ರಾತ್ರಿ ಎರಡು ಗಂಟೆಗೆ ಹುಡುಕಿದ ರೋಗಲಕ್ಷಣ ಇರುತ್ತದೆ, ಕಳೆದುಕೊಂಡವರ ಹೆಸರು ಇರುತ್ತದೆ, ಕೈತಪ್ಪಿದ ಕೆಲಸದ ಜಾಹೀರಾತು ಇರುತ್ತದೆ. ಸಿದ್ಧವಿಲ್ಲದ ಹೊತ್ತಿನಲ್ಲಿ ಅದು ಎದುರು ಬಂದರೆ ನೋವಾಗುತ್ತದೆ. ನಿಮ್ಮ ಸಾಧನ ತಾನಾಗಿ ಏನನ್ನೂ ಮುಂದೆ ತಂದು ಹಿಡಿಯಬಾರದು, ನೀವು ಬಾಗಿಲು ತಟ್ಟಿದಾಗಷ್ಟೇ ತೆರೆಯಬೇಕು ಎಂಬುದು ನನ್ನ ದೃಢ ಅಭಿಪ್ರಾಯ.

ನಾನು ಉಳಿಸಿಕೊಂಡದ್ದು ಮೂರನೆಯದು. ವಾರದ ಕೊನೆಗೆ ಸ್ಕ್ರಿಪ್ಟ್ ಮೊದಲು ದಿನನಿತ್ಯದ ತಾಣಗಳನ್ನು ಕಳೆಯುತ್ತದೆ. ಮೂರಕ್ಕಿಂತ ಹೆಚ್ಚು ಹೆಜ್ಜೆ ನಡೆದ ದಾರಿಗಳನ್ನು, ಬೇರೆ ಬೇರೆ ದಿನಗಳಲ್ಲಿ ಮರಳಿ ತೆರೆದ ಪುಟಗಳನ್ನು ಆರಿಸುತ್ತದೆ. ಹತ್ತಕ್ಕಿಂತ ಹೆಚ್ಚು ತೋರಿಸುವುದಿಲ್ಲ. ಪ್ರತಿಯೊಂದರ ಪಕ್ಕದಲ್ಲಿ ಖಾಲಿ ಸಾಲು, ಮೇಲೆ ಒಂದೇ ಪ್ರಶ್ನೆ: 'ಇಲ್ಲಿ ಏನನ್ನು ಹುಡುಕುತ್ತಿದ್ದೆ?' ಉತ್ತರ ಬರೆಯಲು ಹತ್ತು ನಿಮಿಷ ಸಾಕು. ಬೇರೆ ಬೇರೆ ತಾಣಗಳಲ್ಲಿ ಚದುರಿದ್ದ ಐದು ಪುಟಗಳಿಗೆ ಒಂದೇ ಉತ್ತರ ಬರೆದಿರುವುದು ಎಷ್ಟೋ ವಾರ ಕಣ್ಣಿಗೆ ಬೀಳುತ್ತದೆ. ಇಷ್ಟು ದಿನ ಮನಸ್ಸಿನಲ್ಲಿ ಏನು ಕೊರೆಯುತ್ತಿತ್ತು ಎಂಬುದು ಆಗ ತಿಳಿಯುತ್ತದೆ. ಆ ಸಾಲುಗಳು ಈಗ ಹಿಸ್ಟರಿಗಿಂತಲೂ ನನಗೆ ಬೆಲೆಯುಳ್ಳವು.

ಆ ಉತ್ತರವನ್ನು ಎಐ ಬರೆದುಕೊಟ್ಟರಾಗದೇ ಎಂದು ಕೇಳುತ್ತಾರೆ. ಪುಟಗಳನ್ನು ಗುಂಪು ಮಾಡಲು ಅದು ನೆರವಾಗುತ್ತದೆ, ಅದನ್ನೂ ಹಿಸ್ಟರಿ ಹೊರಗೆ ಹೋಗದಂತೆ ನಿಮ್ಮ ಯಂತ್ರದಲ್ಲೇ ಓಡುವ ಎಐ ಮಾದರಿಯಿಂದ ಮಾಡಿಸಿ. ಖಾಲಿ ಸಾಲನ್ನು ಮಾತ್ರ ನೀವೇ ತುಂಬಿ. ಏಕೆ ಹುಡುಕುತ್ತಿದ್ದಿರಿ ಎಂಬುದು ಹಿಸ್ಟರಿಯಲ್ಲಿ ಇರುವುದೇ ಇಲ್ಲ, ಮಾದರಿ ಅದನ್ನು ಊಹಿಸಬಲ್ಲದಷ್ಟೇ.

ಅಳಿಸಿದ್ದು ಅಳಿಯಬೇಕು

ಒಂದು ತಾಣವನ್ನು 'ಎಂದೂ ದಾಖಲಿಸಬೇಡ' ಎಂದು ಹೇಳುವ ಪಟ್ಟಿಯನ್ನು ಮೊದಲ ದಿನವೇ ಕಟ್ಟಿ. ಬ್ಯಾಂಕು, ಆಸ್ಪತ್ರೆ, ಮೇಲ್ ಅದರಲ್ಲಿರಲಿ. ಎಸ್‌ಕ್ಯುಎಲೈಟ್‌ನಲ್ಲಿ ಒಂದು ಸಾಲು ಅಳಿಸಿದರೆ ಅದರ ಬೈಟ್‌ಗಳು ಫೈಲಿನೊಳಗೆ ಉಳಿದಿರಬಹುದು. 'ಸೆಕ್ಯೂರ್ ಡಿಲೀಟ್' ಆನ್ ಮಾಡುವುದು ಅಥವಾ 'ವ್ಯಾಕ್ಯೂಮ್' ಓಡಿಸುವುದು ಅಗತ್ಯ. ಸೂಚಿಯಿಂದಲೂ ಬ್ಯಾಕಪ್‌ನಿಂದಲೂ ಅದು ಹೋಗಬೇಕು. ಡಿಸ್ಕ್‌ಗೆ ಬಿಟ್‌ಲಾಕರ್, ಫೈಲ್‌ವಾಲ್ಟ್‌ನಂಥ ಪೂರ್ಣ ಗೂಢಲಿಪಿ ಇರಲಿ. ಕಂಪ್ಯೂಟರನ್ನು ಮನೆಯವರೊಡನೆ ಹಂಚಿಕೊಂಡಿದ್ದರೆ ಬೇರೆ ಬೇರೆ ಪ್ರೊಫೈಲ್ ಮಾಡಿಕೊಳ್ಳಿ, ಇಲ್ಲವಾದರೆ ನಿಮ್ಮ ಅವಲೋಕನದ ಪಟ್ಟಿಯಲ್ಲಿ ಅವರ ಗುಟ್ಟು ಬಂದು ಕೂರುತ್ತದೆ.

ಹಾಗಾದರೆ ಯಾರಿಗೆ ಯಾವುದು

ಕೋಡ್ ಬರೆಯಲು ಬಾರದವರು, ಸಮಯವೂ ಇಲ್ಲದವರು: ಇರುವ ಬ್ರೌಸರ್, ಅದರ ಜೊತೆ ಸಿಂಗಲ್‌ಫೈಲ್, ವಾರಕ್ಕೊಮ್ಮೆ ಹಿಸ್ಟರಿ ಪುಟ ತೆರೆದು ಕಾಗದದ ಮೇಲೆ ಐದು ಸಾಲು. ಕೋಡ್ ಅಲ್ಪ ಬಲ್ಲವರು, ಅವಲೋಕನವೇ ಮುಖ್ಯ ಎನ್ನುವವರು: ಫೈಲ್ ಓದುವ ಸ್ಕ್ರಿಪ್ಟ್, ದಾರಿಗಳ ಪಟ್ಟಿ. ಓದಿದ ಸಾಲೊಂದನ್ನು ಹಿಡಿದು ಪುಟ ಹುಡುಕುವುದು ನಿಮ್ಮ ನಿತ್ಯದ ಕೆಲಸವಾದರೆ ಪಠ್ಯ ಉಳಿಸುವ ಎಕ್ಸ್‌ಟೆನ್ಶನ್ ಮತ್ತು ನಿಮ್ಮ ಯಂತ್ರದಲ್ಲೇ ಇರುವ ಸೂಚಿ. ಒಂದೆರಡು ತಿಂಗಳ ಬಿಡುವಿನ ವೇಳೆ ಅದಕ್ಕೆ ಮೀಸಲಿಡಿ. ಸಂಶೋಧನೆಗೆ ಪುಟವೇ ಸಾಕ್ಷ್ಯವಾದರೆ ಆರ್ಕೈವ್‌ಬಾಕ್ಸ್ ಮತ್ತು ಒಂದು ಹೊರಗಿನ ಡಿಸ್ಕ್.

ಯಾವುದೆಂದು ಇನ್ನೂ ಗೊತ್ತಾಗದಿದ್ದರೂ ಒಂದು ಕೆಲಸವನ್ನು ಇವತ್ತೇ ಮಾಡಿ: ಬ್ರೌಸರ್ ಮುಚ್ಚಿ, ಪ್ರೊಫೈಲ್ ಫೋಲ್ಡರಿನಿಂದ ಹಿಸ್ಟರಿ ಫೈಲನ್ನು ನಕಲು ಮಾಡಿ, ಇವತ್ತಿನ ತಾರೀಖಿನ ಹೆಸರಿಟ್ಟು ತೆಗೆದಿಡಿ. ಕ್ರೋಮ್ ಬಳಸುವವರ 91ನೆಯ ದಿನ ನಾಳೆ ಅಲ್ಲಿ ಇರುವುದಿಲ್ಲ.